ಒಂದು ಚೊಂಬು, ಎಂಟು ಚಿತ್ರ: ಡಿಜಿಟಲ್ ಇಲಸ್ಟ್ರೇಷನ್ ಕಲಿಯಲು ಹೊರಟವರಿಗೆ

ಆರ್ಟ್ ಕಾಲೇಜಿನ ಮೊದಲ ವರ್ಷದ ಹುಡುಗ ಹುಡುಗಿಯರು ನನ್ನ ಹತ್ತಿರ ಬಂದಾಗ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಅಕ್ಕಾ, ಯಾವ ಬ್ರಷ್ ಬಳಸ್ತೀರಾ?"

ನಾನು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತೇನೆ. ದಿನವಿಡೀ ಬಳಸುವುದು ಮೂರೋ ನಾಲ್ಕೋ ಬ್ರಷ್, ಅಷ್ಟೇ. ಕೇಳಲು ಬಂದವರ ಲ್ಯಾಪ್‌ಟಾಪ್ ನೋಡಿದರೆ ಡೌನ್‌ಲೋಡ್ ಮಾಡಿಟ್ಟ ಬ್ರಷ್ ನೂರಾರು ಇರುತ್ತವೆ. ಸೋಮವಾರ ಒಂದು ಬ್ರಷ್‌ನಲ್ಲಿ ಹುಲಿ, ಮಂಗಳವಾರ ಇನ್ನೊಂದರಲ್ಲಿ ಹುಡುಗಿಯ ಮುಖ, ಬುಧವಾರ ಯಾವುದೋ ವಿಡಿಯೊ ನೋಡಿ ಬೆಟ್ಟ. ಚಿತ್ರ ಚೆನ್ನಾಗಿ ಬಂದರೆ ಯಾಕೆ ಚೆನ್ನಾಗಿ ಬಂತು ಅಂತ ಗೊತ್ತಾಗುವುದಿಲ್ಲ, ಕೆಟ್ಟರೆ ಯಾಕೆ ಕೆಟ್ಟಿತು ಅಂತಲೂ ಗೊತ್ತಾಗುವುದಿಲ್ಲ. ವಸ್ತು, ಬ್ರಷ್, ಬಣ್ಣ, ವಿಧಾನ ಎಲ್ಲವೂ ಒಟ್ಟಿಗೆ ಬದಲಾದರೆ ಕಲಿಯುವುದಾದರೂ ಹೇಗೆ?

ಹಾಗಾಗಿ ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು. ಒಂದೇ ವಸ್ತು ಇಟ್ಟುಕೊಳ್ಳಿ, ಅದನ್ನೇ ಎಂಟು ಸಲ ಬರೆಯಿರಿ, ಪ್ರತಿ ಸಲ ಒಂದೇ ಒಂದು ಸಂಗತಿ ಬದಲಾಯಿಸಿ. ಕೆಳಗಿರುವುದು ಅದರ ಪೂರ್ತಿ ದಾರಿ. ದಿನಕ್ಕೆ ಒಂದೊಂದೂವರೆ ಗಂಟೆ ಕೂತರೆ ಎರಡು ವಾರಕ್ಕೆ ಮುಗಿಯುತ್ತದೆ.

ವಸ್ತು ಯಾವುದು?

ಹಿತ್ತಾಳೆ ಚೊಂಬು. ಮನೆಯಲ್ಲಿ ಇಲ್ಲದಿದ್ದರೆ ತಾಮ್ರದ್ದಾದರೂ ಆದೀತು. ಸ್ಟೀಲ್ ಬೇಡ, ಅದಕ್ಕೆ ತನ್ನದೇ ಬಣ್ಣ ತುಂಬಾ ಕಡಿಮೆ, ಶುರುವಿಗೆ ಕಷ್ಟ.

ಚೊಂಬೇ ಯಾಕೆ ಅಂದರೆ, ಅದಕ್ಕೆ ಬಾಯಿ ಇದೆ, ಕತ್ತು ಇದೆ, ಹೊಟ್ಟೆ ಇದೆ. ದೂರದಿಂದ ನೋಡಿದರೂ ಚೊಂಬು ಅಂತ ಗುರುತು ಸಿಗುವ ಆಕಾರ. ಮೈಯೆಲ್ಲ ಹೊಳಪು, ಆದರೆ ಹೊಳಪು ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ನಮ್ಮ ಅಜ್ಜಿಯ ಮನೆಯ ಚೊಂಬು ಈಗ ನನ್ನ ಮೇಜಿನ ಮೇಲಿದೆ. ಹುಣಸೆಹಣ್ಣು ಹಚ್ಚಿ ತಿಕ್ಕಿದ ಮರುದಿನ ಅದನ್ನು ಕಿಟಕಿಯ ಪಕ್ಕ ಇಟ್ಟು ನೋಡಿದರೆ, ಹೊಟ್ಟೆಯ ಉಬ್ಬಿನ ಮೇಲೆ ಇಡೀ ಕಿಟಕಿ ಬಾಗಿಕೊಂಡು ಕೂತಿರುತ್ತದೆ, ಸರಳುಗಳ ಸಮೇತ. ಕತ್ತಿನ ಕೆಳಗೆ ಕಪ್ಪೇ ಅನ್ನುವಷ್ಟು ಕಡು ಕಂದು ಗೆರೆ. ಬಾಯಿಯ ಅಂಚಿನ ಸಂದಿಯಲ್ಲಿ ಎಷ್ಟು ತಿಕ್ಕಿದರೂ ಹೋಗದ ಚೂರು ಹಸಿರು ಕಿಲುಬು. ನೆಲ ಕೆಂಪು ಗಾರೆಯದ್ದಾದ್ದರಿಂದ ಬುಡದಲ್ಲಿ ತೆಳುವಾಗಿ ಕೆಂಪು. ಇಷ್ಟೆಲ್ಲ ಒಂದು ಪಾತ್ರೆಯಲ್ಲಿ!

ಚೊಂಬನ್ನು ಕಿಟಕಿಯಿಂದ ಎರಡಡಿ ದೂರ ಇಡಿ. ಬೆಳಕು ಒಂದೇ ಕಡೆಯಿಂದ ಬರಲಿ, ಟ್ಯೂಬ್‌ಲೈಟ್ ಆರಿಸಿ. ಇಟ್ಟ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಮಾಡಿ, ದಿನಾ ಅಲ್ಲೇ, ಅದೇ ಹೊತ್ತಿಗೆ ಇಡಬೇಕು. ಫೋಟೊ ಒಂದು ತೆಗೆದಿಟ್ಟುಕೊಳ್ಳಿ, ಆದರೆ ಬರೆಯುವಾಗ ಚೊಂಬನ್ನೇ ನೋಡಿ. ಫೋನ್ ಕ್ಯಾಮೆರಾ ಕಡು ಜಾಗವನ್ನು ಇನ್ನೂ ಕಪ್ಪು ಮಾಡುತ್ತದೆ, ಹೊಳಪನ್ನು ಬರೀ ಬಿಳಿ ಮಾಡಿಬಿಡುತ್ತದೆ. ಕಣ್ಣಿಗೆ ಕಾಣುವ ಎಷ್ಟೋ ಬಣ್ಣ ಫೋಟೊದಲ್ಲಿ ಸಿಗುವುದಿಲ್ಲ.

ಸಾಮಾನು: ಇದ್ದದ್ದರಲ್ಲೇ ಶುರು ಮಾಡಿ

ಸಾಫ್ಟ್‌ವೇರ್‌ಗೆ ದುಡ್ಡು ಹಾಕಬೇಡಿ, ಈಗಲೇ ಅಂತೂ ಬೇಡ. ಕ್ರಿಟಾ ಉಚಿತ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ, ಆಂಡ್ರಾಯ್ಡ್ ಟ್ಯಾಬ್ಲೆಟ್‌ಗೂ ಇದೆ. ಚಿತ್ರ ಬರೆಯುವವರಿಗೆಂದೇ ಮಾಡಿದ ಪ್ರೋಗ್ರಾಂ ಅದು, ಫೋಟೊ ತಿದ್ದಲು ಅಲ್ಲ. ಇಲ್ಲಿ ನಾನು ಹೇಳುವ ಕೀಗಳೆಲ್ಲ ಕ್ರಿಟಾದವು. ಬರೀ ಫೋನ್ ಇದ್ದರೆ ಇಬಿಸ್ ಪೇಂಟ್ ಸಾಕು. ಐಪ್ಯಾಡ್ ಇದ್ದರೆ ಪ್ರೊಕ್ರಿಯೇಟ್, ಅದಕ್ಕೆ ಒಂದು ಸಲ ದುಡ್ಡು ಕೊಟ್ಟರಾಯಿತು. ಹೆಸರುಗಳು ಚೂರು ಬೇರೆ, ಒಳಗಿನ ಲೆಕ್ಕ ಎಲ್ಲ ಕಡೆ ಒಂದೇ.

ಲ್ಯಾಪ್‌ಟಾಪ್ ಇದ್ದರೆ ಪರದೆ ಇಲ್ಲದ ಚಿಕ್ಕ ಪೆನ್ ಟ್ಯಾಬ್ಲೆಟ್ ಒಂದು ಕೊಂಡುಕೊಳ್ಳಿ, 6 ಇಂಚು ಅಗಲ 4 ಇಂಚು ಎತ್ತರದ್ದು ಸಾಕು. ಡಬ್ಬದ ಮೇಲೆ 8192 ಪ್ರೆಶರ್ ಲೆವೆಲ್ (ಪೆನ್ ಒತ್ತುವ ಬಲವನ್ನು ಎಷ್ಟು ಹಂತಗಳಲ್ಲಿ ಗುರುತಿಸುತ್ತದೆ ಅನ್ನುವ ಲೆಕ್ಕ) ಅಂತ ದೊಡ್ಡದಾಗಿ ಬರೆದಿರುತ್ತದೆ. ಅದನ್ನು ನೋಡಿ ಜಾಸ್ತಿ ದುಡ್ಡು ಕೊಡಬೇಕಿಲ್ಲ, 2048 ಮತ್ತು 8192ರ ವ್ಯತ್ಯಾಸ ಕಲಿಯುವವರ ಕೈಗೆ ಗೊತ್ತಾಗುವುದಿಲ್ಲ. ಫೋನಿಗೆ ಸಿಗುವ ಅಗ್ಗದ ರಬ್ಬರ್ ತುದಿಯ ಸ್ಟೈಲಸ್‌ಗೆ ಒತ್ತಡ ತಿಳಿಯುವುದೇ ಇಲ್ಲ, ಅದು ಬೆರಳಿದ್ದ ಹಾಗೆ. ಬೆರಳಲ್ಲೇ ಬರೆಯುವವರಿಗೆ 2, 3, 6ನೇ ಪ್ರಯೋಗಗಳು ಚೆನ್ನಾಗಿ ಹೊಂದುತ್ತವೆ, ಅಲ್ಲಿಂದಲೇ ಶುರು ಮಾಡಿ.

ಮೊದಲ ದಿನ: ನಾಣ್ಯದ ಪರೀಕ್ಷೆ

ಟ್ಯಾಬ್ಲೆಟ್ ಸಿಕ್ಕಿಸಿ ಡ್ರೈವರ್ (ಅದನ್ನು ಕಂಪ್ಯೂಟರ್ ಜೊತೆ ಹೊಂದಿಸುವ ಪ್ರೋಗ್ರಾಂ) ಹಾಕಿದ ಮೇಲೆ ಎಲ್ಲರೂ ನೇರ ಚಿತ್ರಕ್ಕೆ ಕೂರುತ್ತಾರೆ. ಅದಕ್ಕೆ ಮೊದಲು ಇದೊಂದು ಮಾಡಿ. ಟ್ಯಾಬ್ಲೆಟ್ ಮೇಲೆ 10 ರೂಪಾಯಿ ನಾಣ್ಯ ಇಟ್ಟು, ಪೆನ್ನಿನಿಂದ ಸುತ್ತ ಗೆರೆ ಎಳೆಯಿರಿ. ಪರದೆಯ ಮೇಲೆ ದುಂಡಗೆ ಬಂತಾ, ಮೊಟ್ಟೆಯ ಹಾಗೆ ಬಂತಾ?

ಮೊಟ್ಟೆ ಬಂದರೆ ತಪ್ಪು ನಿಮ್ಮ ಕೈಯದ್ದಲ್ಲ. ಟ್ಯಾಬ್ಲೆಟ್ ಒಂದು ಅಳತೆ, ಪರದೆ ಇನ್ನೊಂದು ಅಳತೆ, ಎರಡನ್ನೂ ಹೊಂದಿಸುವಾಗ ಡ್ರೈವರ್ ಎಳೆದು ಹಿಗ್ಗಿಸಿರುತ್ತದೆ. ಡ್ರೈವರ್‌ನ ಸೆಟ್ಟಿಂಗ್‌ನಲ್ಲಿ ಮ್ಯಾಪಿಂಗ್ ಅಂತ ಇರುತ್ತದೆ, ಅಲ್ಲಿ ಪರದೆಯ ಅನುಪಾತಕ್ಕೆ ಹೊಂದಿಸುವ ಆಯ್ಕೆ ಇರುತ್ತದೆ, ಅದನ್ನು ಒತ್ತಿ. ಟ್ಯಾಬ್ಲೆಟ್‌ನ ಒಂದು ಪಟ್ಟಿ ಜಾಗ ಕೆಲಸಕ್ಕೆ ಬಾರದೆ ಉಳಿಯುತ್ತದೆ, ಉಳಿಯಲಿ. ನಾನು ಇದನ್ನು ತಿಳಿಯದೆ ಎಂಟು ತಿಂಗಳು ಬರೆದೆ. ಅಷ್ಟೂ ದಿನ ನನ್ನ ಮುಖಗಳೆಲ್ಲ ಅಗಲ ಬರುತ್ತಿದ್ದವು, ನನಗೆ ಚಿತ್ರ ಬರೆಯಲು ಬರುವುದೇ ಇಲ್ಲ ಅಂದುಕೊಂಡಿದ್ದೆ. ಆ ನೋವು ಇನ್ನೊಬ್ಬರಿಗೆ ಬರಬಾರದು ಅಂತಲೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನೊಂದು, ಒತ್ತಡದ ಕರ್ವ್. ಕ್ರಿಟಾದ ಕಾನ್ಫಿಗರ್ ಕಿಟಕಿಯಲ್ಲಿ ಟ್ಯಾಬ್ಲೆಟ್ ಸೆಟ್ಟಿಂಗ್ಸ್ ತೆರೆದರೆ ಒಂದು ಓರೆ ಗೆರೆ ಕಾಣುತ್ತದೆ. ದಪ್ಪ ಗೆರೆ ಬರಲು ಬೆರಳು ನೋಯುವಷ್ಟು ಒತ್ತಬೇಕಾಗುತ್ತಿದ್ದರೆ ಆ ಗೆರೆಯ ನಡುಭಾಗವನ್ನು ಚೂರು ಮೇಲಕ್ಕೆ ಎಳೆಯಿರಿ. ಸುಮ್ನೆ ಮುಟ್ಟಿದರೂ ದಪ್ಪ ಬರುತ್ತಿದ್ದರೆ ಕೆಳಕ್ಕೆ. ಮಣಿಕಟ್ಟು ನೋಯದೆ ಬರೆಯುವಂತೆ ಆಗುವವರೆಗೆ ಹೊಂದಿಸಿ.

ಹಾಳೆಯ ಅಳತೆ

ಎಂಟೂ ಚಿತ್ರಕ್ಕೆ ಎ5 ಅಳತೆ, 300 ಡಿಪಿಐ (ಇಂಚಿಗೆ 300 ಚುಕ್ಕಿ). ಅಂದರೆ 1748 × 2480 ಪಿಕ್ಸೆಲ್. ಕಲರ್ ಮಾಡೆಲ್ ಆರ್‌ಜಿಬಿ, 8 ಬಿಟ್.

ಎ4 ಯಾಕಲ್ಲ? 300 ಡಿಪಿಐನ ಎ4 ಅಂದರೆ 2480 × 3508, ಸುಮಾರು 87 ಲಕ್ಷ ಪಿಕ್ಸೆಲ್. ಒಂದೊಂದು ಪಿಕ್ಸೆಲ್‌ಗೂ 4 ಬೈಟ್ ಹಿಡಿದರೆ ಪೂರ್ತಿ ತುಂಬಿದ ಒಂದು ಲೇಯರ್‌ಗೆ (ಒಂದರ ಮೇಲೊಂದು ಇಡುವ ಪಾರದರ್ಶಕ ಹಾಳೆಯಂಥ ಪದರ) ಹತ್ತಿರ ಹತ್ತಿರ 35 ಎಂಬಿ ಮೆಮೊರಿ ಬೇಕು. ಇಪ್ಪತ್ತು ಲೇಯರ್ ಆದರೆ 700 ಎಂಬಿ, ಅದರ ಮೇಲೆ ಅನ್‌ಡೂಗೆ ಬೇಕಾದದ್ದು ಬೇರೆ. 4 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್ ಅಲ್ಲಿಗೆ ತೆವಳಲು ಶುರು ಮಾಡುತ್ತದೆ, ಗೆರೆ ಪೆನ್ನಿನ ಹಿಂದೆ ಹಿಂದೆ ಬರುತ್ತದೆ, ಆಗ ಕೈಯ ಓಟ ಕೆಟ್ಟುಹೋಗುತ್ತದೆ. ಎ5ಗೆ ಅದರ ಅರ್ಧ ಸಾಕು.

ಬೆರಳಿಗೆ ಬರಬೇಕಾದ ಕೀಗಳು ಕೆಲವೇ. ಬಿ ಒತ್ತಿದರೆ ಬ್ರಷ್. ಇ ಒತ್ತಿದರೆ ಅದೇ ಬ್ರಷ್ ಅಳಿಸುವ ಬ್ರಷ್ ಆಗುತ್ತದೆ, ಮತ್ತೆ ಒತ್ತಿದರೆ ಬರೆಯುವುದಕ್ಕೆ ಮರಳುತ್ತದೆ. ಕಂಟ್ರೋಲ್ ಹಿಡಿದು ಮುಟ್ಟಿದರೆ ಆ ಜಾಗದ ಬಣ್ಣ ಬ್ರಷ್‌ಗೆ ಬರುತ್ತದೆ. 4 ಮತ್ತು 6 ಒತ್ತಿದರೆ ಹಾಳೆ ತಿರುಗುತ್ತದೆ, 5 ಒತ್ತಿದರೆ ನೇರವಾಗುತ್ತದೆ. ಎಂ ಒತ್ತಿದರೆ ಕನ್ನಡಿಯಲ್ಲಿ ನೋಡಿದ ಹಾಗೆ ಎಡ ಬಲ ಅದಲುಬದಲು. ಈ ಎಂ ಕೀ ಬಹಳ ಮುಖ್ಯ. ಚೊಂಬು ಒಂದು ಕಡೆ ವಾಲಿದ್ದರೆ ಕಣ್ಣಿಗೆ ಅಭ್ಯಾಸವಾಗಿ ಕಾಣುವುದಿಲ್ಲ, ತಿರುಗಿಸಿದ ಕೂಡಲೇ ಥಟ್ಟನೆ ಕಾಣುತ್ತದೆ.

ಪ್ರಯೋಗ 1: ಗೆರೆ ಮಾತ್ರ

ಕಪ್ಪು ಬಣ್ಣ, ಒಂದೇ ಇಂಕ್ ಬ್ರಷ್, ಬಣ್ಣ ತುಂಬುವಂತಿಲ್ಲ.

ಮೊದಲು ಕೆಳಗಿನ ಲೇಯರ್‌ನಲ್ಲಿ ತಿಳಿ ನೀಲಿಯಲ್ಲಿ ಕಚ್ಚಾ ಗೆರೆ ಹಾಕಿ. ಮಧ್ಯಕ್ಕೊಂದು ನೇರ ಕಂಬ, ಅದರ ಮೇಲೆ ಬಾಯಿಗೊಂದು, ಕತ್ತಿಗೊಂದು, ಹೊಟ್ಟೆಗೊಂದು, ಬುಡಕ್ಕೊಂದು ಮೊಟ್ಟೆಯಾಕಾರ. ಎಲ್ಲರೂ ಮಾಡುವ ತಪ್ಪು ಇಲ್ಲೇ. ಬಾಯಿಯನ್ನು ಮೊಟ್ಟೆಯಾಕಾರದಲ್ಲಿ ಬರೆದು ಬುಡವನ್ನು ಮಟ್ಟಸವಾಗಿ ಗೆರೆ ಎಳೆದುಬಿಡುತ್ತಾರೆ. ಚೊಂಬು ನಮ್ಮ ಕಣ್ಣಿಗಿಂತ ಕೆಳಗಿದೆ, ಬುಡ ಕಣ್ಣಿನಿಂದ ಇನ್ನೂ ಕೆಳಗಿದೆ, ಹಾಗಾಗಿ ಬುಡದ ಬಾಗು ಬಾಯಿಯ ಬಾಗಿಗಿಂತ ಜಾಸ್ತಿಯೇ ಇರಬೇಕು.

ಆಮೇಲೆ ಮೇಲೆ ಹೊಸ ಲೇಯರ್. ಇದರಲ್ಲಿ ಇಂಕ್. ಗೆರೆ ನಡುಗುತ್ತಿದ್ದರೆ ಟೂಲ್ ಆಪ್ಷನ್ಸ್‌ನಲ್ಲಿ ಸ್ಟೆಬಿಲೈಸರ್ ಹಾಕಿಕೊಳ್ಳಿ. ಪೂರ್ತಿ ಏರಿಸಬೇಡಿ, ಜಾಸ್ತಿ ಹಾಕಿದರೆ ಗೆರೆ ನುಣುಪಾಗುತ್ತದೆ ನಿಜ, ಆದರೆ ನಿಮ್ಮ ಕೈಗುರುತು ಹೊರಟುಹೋಗುತ್ತದೆ. ಬೆರಳಿನಿಂದಲ್ಲ, ಮೊಣಕೈಯಿಂದ ಎಳೆಯಿರಿ. ಹೊಟ್ಟೆಯ ಉದ್ದ ಬಾಗನ್ನು ಒಂದೇ ಉಸಿರಿನಲ್ಲಿ. ಬರಲಿಲ್ಲವಾ, ಕಂಟ್ರೋಲ್ ಝಡ್, ಮತ್ತೆ.

ಇಲ್ಲಿ ಬದಲಾಯಿಸಿ ನೋಡಬೇಕಾದ್ದು ಗೆರೆಯ ದಪ್ಪ. ಬೆಳಕಿನ ಕಡೆ ತೆಳು, ನೆರಳಿನ ಕಡೆ ದಪ್ಪ, ನೆಲ ಮುಟ್ಟುವಲ್ಲಿ ಎಲ್ಲಕ್ಕಿಂತ ದಪ್ಪ. ಬಣ್ಣವೇ ಇಲ್ಲದೆ ಚೊಂಬಿಗೆ ಭಾರ ಬರುತ್ತದೆ.

ಪ್ರಯೋಗ 2: ಗೆರೆಯೇ ಇಲ್ಲ, ಬರೀ ಆಕಾರ

ಈಗ ತದ್ವಿರುದ್ಧ. ಇಡೀ ಚೊಂಬನ್ನು ಒಂದೇ ಗಟ್ಟಿ ಬಣ್ಣದ ಆಕಾರವಾಗಿ ತುಂಬಿ. ಒಳಗೆ ಏನೂ ಬೇಡ. ತೊಗಲು ಗೊಂಬೆಯಾಟದಲ್ಲಿ ಗೊಂಬೆ ಪರದೆಗೆ ಬಂದ ಕ್ಷಣಕ್ಕೇ ಇವನು ರಾವಣ, ಇವನು ಹನುಮಂತ ಅಂತ ಮಕ್ಕಳಿಗೂ ತಿಳಿಯುತ್ತದಲ್ವಾ, ಅದು ಹೊರ ಅಂಚಿನ ಬಲ. ನಿಮ್ಮ ಚೊಂಬನ್ನೂ ಹಾಗೇ ಪರೀಕ್ಷಿಸಿ. ಪರದೆಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದು ಮಾಡಿದರೂ ಚೊಂಬು ಅನಿಸಬೇಕು. ಹೂಜಿ ಅನಿಸಿದರೆ ಕತ್ತು ಉದ್ದವಾಗಿದೆ, ಬಿಂದಿಗೆ ಅನಿಸಿದರೆ ಹೊಟ್ಟೆ ದೊಡ್ಡದಾಗಿದೆ.

ಈ ಆಕಾರದ ಲೇಯರ್ ಜೋಪಾನ, ಮುಂದಿನ ಪ್ರಯೋಗಗಳಿಗೆಲ್ಲ ಇದೇ ಬುನಾದಿ.

ಪ್ರಯೋಗ 3: ಮೂರೇ ಬೂದು

ಒಂದು ಕಡು, ಒಂದು ನಡು, ಒಂದು ತಿಳಿ. ಇಷ್ಟೇ ಬಣ್ಣ. ಮೆತ್ತಗೆ ಹರಡುವ ಏರ್‌ಬ್ರಷ್ ಮುಟ್ಟುವಂತಿಲ್ಲ, ಅಂಚು ಗಟ್ಟಿ ಇರುವ ಬ್ರಷ್ ಮಾತ್ರ.

ಆಕಾರದ ಲೇಯರ್‌ಗೆ ಆಲ್ಫಾ ಲಾಕ್ ಹಾಕಿ, ಲೇಯರ್ ಹೆಸರಿನ ಪಕ್ಕದ ಚೌಕುಳಿ ಗುರುತನ್ನು ಒತ್ತಿದರೆ ಆಯಿತು. ಇನ್ನು ನೀವು ಹೇಗೆ ಬಳಿದರೂ ಬಣ್ಣ ಚೊಂಬಿನ ಹೊರಗೆ ಹೋಗುವುದಿಲ್ಲ. ಕಣ್ಣು ಅರೆ ಮುಚ್ಚಿ ಚೊಂಬನ್ನು ನೋಡಿ. ಸಣ್ಣಪುಟ್ಟದ್ದೆಲ್ಲ ಮಸುಕಾಗಿ ದೊಡ್ಡ ಕಡು ಜಾಗ, ದೊಡ್ಡ ತಿಳಿ ಜಾಗ ಮಾತ್ರ ಉಳಿಯುತ್ತದೆ. ಅದನ್ನೇ ಹಾಕಿ.

ನನ್ನ ಪ್ರಕಾರ ಎಂಟರಲ್ಲಿ ಅತಿ ಮುಖ್ಯವಾದದ್ದು ಇದು. ಲೋಹದ ಗುಟ್ಟು ಇಲ್ಲಿದೆ. ಮಣ್ಣಿನ ಮಡಕೆಯಲ್ಲಿ ಬೆಳಕಿನಿಂದ ನೆರಳಿಗೆ ನಿಧಾನವಾಗಿ ಜಾರುತ್ತದೆ. ಹಿತ್ತಾಳೆಯಲ್ಲಿ ಹಾಗಲ್ಲ, ಕಡುವಿನ ಪಕ್ಕದಲ್ಲೇ ತಿಳಿ, ನಡುವೆ ಏನೂ ಇಲ್ಲ. ಯಾಕೆಂದರೆ ಲೋಹದ ಮೇಲೆ ನಾವು ನೋಡುವುದು ಬಹುಪಾಲು ಸುತ್ತಲಿನ ಪ್ರತಿಬಿಂಬವನ್ನು. ಕಿಟಕಿ ಇರುವಲ್ಲಿ ತಿಳಿ, ಗೋಡೆ ಇರುವಲ್ಲಿ ಕಡು, ಎರಡರ ನಡುವೆ ಕಿಟಕಿಯ ಚೌಕಟ್ಟಿನ ಚೂಪು ಅಂಚು. ಕಲಿಯುವವರು ಲೋಹ ಬರೆಯುವಾಗ ಮೆತ್ತಗೆ ಉಜ್ಜಿ ಉಜ್ಜಿ ಪ್ಲಾಸ್ಟಿಕ್ ಮಾಡಿಬಿಡುತ್ತಾರೆ. ಮೂರು ಬೂದು, ಗಟ್ಟಿ ಅಂಚು ಅಂತ ನಿಯಮ ಹಾಕಿಕೊಂಡರೆ ಆ ತಪ್ಪಿಗೆ ಜಾಗವೇ ಇರುವುದಿಲ್ಲ. ಇದನ್ನು ಮೂರು ಸಲ ಮಾಡಿದರೂ ಒಳ್ಳೆಯದೇ.

ಪ್ರಯೋಗ 4: ಬಣ್ಣ, ಮಲ್ಟಿಪ್ಲೈ, ಸ್ಕ್ರೀನ್

ಆಕಾರದ ಲೇಯರ್‌ಗೆ ಹಿತ್ತಾಳೆಯ ನಡು ಬಣ್ಣ, ಅಂದರೆ ಅರಿಶಿನಕ್ಕೆ ಚೂರು ಕಂದು ಬೆರೆತ ಹಾಗಿನದು, ತುಂಬಿ. ಮೇಲೆ ಹೊಸ ಲೇಯರ್ ಮಾಡಿ ಅದರ ಬ್ಲೆಂಡಿಂಗ್ ಮೋಡ್ (ಕೆಳಗಿನ ಲೇಯರ್ ಜೊತೆ ಬಣ್ಣ ಬೆರೆಯುವ ರೀತಿ) ಮಲ್ಟಿಪ್ಲೈಗೆ ಬದಲಾಯಿಸಿ, ನೆರಳನ್ನು ಅದರಲ್ಲಿ ಹಾಕಿ. ಅದರ ಮೇಲೆ ಇನ್ನೊಂದು, ಸ್ಕ್ರೀನ್ ಮೋಡ್, ಬೆಳಕಿಗೆ. ಮೂರನ್ನೂ ಒಂದು ಗ್ರೂಪ್‌ಗೆ ಸೇರಿಸಿ, ಮೇಲಿನ ಎರಡಕ್ಕೆ ಇನ್‌ಹೆರಿಟ್ ಆಲ್ಫಾ ಹಾಕಿದರೆ ಬಣ್ಣ ಆಚೆ ಚೆಲ್ಲುವುದಿಲ್ಲ. ಇಬಿಸ್ ಪೇಂಟ್ ಮತ್ತು ಪ್ರೊಕ್ರಿಯೇಟ್‌ನಲ್ಲಿ ಇದೇ ಕೆಲಸಕ್ಕೆ ಕ್ಲಿಪ್ಪಿಂಗ್ ಇದೆ.

ಮಲ್ಟಿಪ್ಲೈ ಅಂದರೆ ಹೆಸರೇ ಹೇಳುವ ಹಾಗೆ ಗುಣಾಕಾರ. ಕಪ್ಪು ಅಂದರೆ 0, ಬಿಳಿ ಅಂದರೆ 1 ಅಂದುಕೊಳ್ಳಿ. ಕೆಳಗಿನ ಬಣ್ಣವನ್ನು ಮೇಲಿನದರಿಂದ ಗುಣಿಸಿದರೆ ಉತ್ತರ ಯಾವತ್ತೂ ಕೆಳಗಿನದಕ್ಕಿಂತ ತಿಳಿಯಾಗುವುದಿಲ್ಲ. ಬಿಳಿ ಬಳಿದರೆ ಏನೂ ಬದಲಾಗುವುದಿಲ್ಲ, 1ರಿಂದ ಗುಣಿಸಿದ ಹಾಗೆ. ವಾಟರ್ ಕಲರ್‌ನಲ್ಲಿ ಒಣಗಿದ ಬಣ್ಣದ ಮೇಲೆ ಇನ್ನೊಂದು ತೆಳು ಬಣ್ಣ ಹರಿಸುತ್ತೇವಲ್ಲ, ಅದಕ್ಕೆ ಹತ್ತಿರ. ಕೆ. ವೆಂಕಟಪ್ಪನವರ (1886–1965) ಊಟಿಯ ಜಲವರ್ಣ ಚಿತ್ರಗಳನ್ನು ನೋಡುವ ಅವಕಾಶ ಸಿಕ್ಕರೆ ಹತ್ತಿರ ಹೋಗಿ ನಿಂತು ನೋಡಿ, ಒಂದರ ಮೇಲೊಂದು ತೆಳು ಬಣ್ಣ ಕೂತು ನೆರಳು ಹೇಗೆ ಆಗುತ್ತದೆ ಅಂತ ಕಣ್ಣಾರೆ ತಿಳಿಯುತ್ತದೆ. ಸ್ಕ್ರೀನ್ ಇದರ ಉಲ್ಟಾ, ಬರೀ ತಿಳಿ ಮಾಡುತ್ತದೆ.

ನೆರಳಿಗೆ ಕಪ್ಪು ತೆಗೆದುಕೊಳ್ಳಬೇಡಿ. ಚೊಂಬಿನ ನೆರಳನ್ನು ಸರಿಯಾಗಿ ದಿಟ್ಟಿಸಿದರೆ ಎಲ್ಲೂ ಕಪ್ಪಿಲ್ಲ. ಕತ್ತಿನ ಕೆಳಗೆ ಹುರಿದ ಕಾಫಿ ಬೀಜದ ಕಂದು, ಪಕ್ಕದಲ್ಲಿ ಪಾಚಿ ಹಸಿರು ಬೆರೆತ ಕಂದು, ಬುಡದಲ್ಲಿ ನೆಲದ ಕೆಂಪು. ಹೊಳಪಿಗೂ ಅಪ್ಪಟ ಬಿಳಿ ಬೇಡ. ಸ್ಟೀಲ್ ಅಥವಾ ಪಿಂಗಾಣಿಯ ಹೊಳಪು ಬಿಳಿಯಾಗಿ ಕಾಣುತ್ತದೆ, ಆದರೆ ಹಿತ್ತಾಳೆ, ತಾಮ್ರ, ಚಿನ್ನ ಇವು ಪ್ರತಿಬಿಂಬಕ್ಕೂ ತಮ್ಮ ಬಣ್ಣ ಹಚ್ಚುತ್ತವೆ. ಅದಕ್ಕೇ ಹಿತ್ತಾಳೆಯ ಮೇಲಿನ ಕಿಟಕಿ ತುಪ್ಪದ ಬಣ್ಣಕ್ಕಿರುತ್ತದೆ. ಅತ್ಯಂತ ತೀಕ್ಷ್ಣವಾದ ಒಂದೆರಡು ಚುಕ್ಕಿಗೆ ಮಾತ್ರ ಬಿಳಿಗೆ ಹತ್ತಿರದ ಬಣ್ಣ.

ಮುಗಿದ ಮೇಲೆ ಒಂದು ಪರೀಕ್ಷೆ. ಎಲ್ಲದಕ್ಕೂ ಮೇಲೆ ಹೊಸ ಲೇಯರ್, ಪೂರ್ತಿ ಕಪ್ಪು ತುಂಬಿ, ಬ್ಲೆಂಡಿಂಗ್ ಮೋಡ್ ಕಲರ್ ಮಾಡಿ. ಚಿತ್ರ ಕಪ್ಪುಬಿಳುಪಾಗಿ ಕಾಣುತ್ತದೆ. ಮೂರನೇ ಪ್ರಯೋಗದ ಪಕ್ಕ ಇಟ್ಟು ನೋಡಿ. ಅದರಲ್ಲಿದ್ದ ಕಡು ತಿಳಿಯ ಬಿಗಿ ಇದರಲ್ಲಿ ಸಡಿಲವಾಗಿದ್ದರೆ, ಬಣ್ಣದ ಆಸೆಯಲ್ಲಿ ಬೆಳಕನ್ನು ಮರೆತಿದ್ದೀರಿ ಅಂತ ಅರ್ಥ. ಆ ಲೇಯರ್‌ನ ಪಕ್ಕದ ಕಣ್ಣಿನ ಗುರುತು ಒತ್ತಿ ಅದನ್ನು ಮುಚ್ಚಿ ತೆರೆದು ಮಾಡುತ್ತಾ ತಿದ್ದಿ.

ಪ್ರಯೋಗ 5: ಒಂದೇ ಲೇಯರ್

ಬೇರೆ ಲೇಯರ್ ಇಲ್ಲ, ಬ್ಲೆಂಡಿಂಗ್ ಮೋಡ್ ಇಲ್ಲ. ಆಯಿಲ್ ಪೇಂಟ್‌ನ ಹಾಗೆ ಬಣ್ಣದ ಮೇಲೆ ಬಣ್ಣ. ಅಂಚು ಗಟ್ಟಿ ಇರುವ, ಒತ್ತಡಕ್ಕೆ ತಕ್ಕಂತೆ ತೆಳು ಗಾಢ ಆಗುವ ಬ್ರಷ್ ಒಂದನ್ನು ಆರಿಸಿ. ಎರಡು ಬಣ್ಣ ಪಕ್ಕಪಕ್ಕ ಹಾಕಿ, ನಡುವೆ ಹಗುರಾಗಿ ಒಂದರ ಮೇಲೊಂದು ಎಳೆಯಿರಿ, ಅಲ್ಲಿ ಹುಟ್ಟುವ ಮೂರನೇ ಬಣ್ಣವನ್ನು ಕಂಟ್ರೋಲ್ ಹಿಡಿದು ಎತ್ತಿಕೊಳ್ಳಿ, ಅದನ್ನೇ ನಡುವೆ ಹಾಕಿ. ಬ್ಲೆಂಡ್ ಮಾಡುವುದೆಂದರೆ ಇಷ್ಟೇ, ಬಣ್ಣ ಉಜ್ಜಿ ಹರಡುವ ಸ್ಮಡ್ಜ್ ಬ್ರಷ್ ಬೇಕಾಗಿಲ್ಲ.

ಶುರುವಿನಲ್ಲಿ ಭಯವಾಗುತ್ತದೆ. ಹಿಂದಿನ ಪದರಕ್ಕೆ ಹೋಗಿ ತಿದ್ದುವ ದಾರಿಯಿಲ್ಲ, ಕೆಟ್ಟದ್ದರ ಮೇಲೆಯೇ ಬರೆಯಬೇಕು. ಆದರೆ ಕಾಗದದ ಮೇಲೆ ಬರೆದು ಬಂದವರಿಗೆ ಇದೇ ಜಾಸ್ತಿ ಹತ್ತಿರ ಅನಿಸುತ್ತದೆ. ನನಗೂ ಹಾಗೇ ಆಯಿತು.

ಪ್ರಯೋಗ 6: ನಾಲ್ಕು ಬಣ್ಣದ ಚಿತ್ತಾರ

ಸಾಗರ, ಸೊರಬದ ಕಡೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರ ನೋಡಿದ್ದೀರಾ? ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ, ಹುರಿದು ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ಬರೆಯುವುದು ಪುಂಡಿ ನಾರಿನ ಕುಂಚದಲ್ಲಿ. ಆ ನಾಲ್ಕು ಬಣ್ಣದಲ್ಲಿ ಮದುವೆ ಹಸೆ, ಬತ್ತದ ಸಸಿ, ಹಕ್ಕಿ, ಜನ ಎಲ್ಲವನ್ನೂ ತರುತ್ತಾರೆ. ನಮ್ಮ ಕಲರ್ ವೀಲ್‌ನಲ್ಲಿ ಕೋಟಿಗಟ್ಟಲೆ ಬಣ್ಣ ಇದ್ದರೂ ಏನು ಆರಿಸಬೇಕು ಅಂತ ಕೈ ತಡೆಯುತ್ತದೆ.

ಕಲರ್ ಪ್ಯಾಲೆಟ್‌ನಲ್ಲಿ ನಾಲ್ಕೇ ಬಣ್ಣ ಇಟ್ಟುಕೊಳ್ಳಿ: ಕೆಮ್ಮಣ್ಣು, ಹಾಲು ಬಿಳಿ, ಕಪ್ಪು, ಹಳದಿ. ಹಾಳೆಯನ್ನು ಪೂರ್ತಿ ಕೆಮ್ಮಣ್ಣು ಮಾಡಿ, ಅದರ ಮೇಲೆ ಚೊಂಬು. ಒಪಾಸಿಟಿ (ಬಣ್ಣ ಎಷ್ಟು ಗಟ್ಟಿಯಾಗಿ ಮುಚ್ಚುತ್ತದೆ ಅನ್ನುವುದು) 100ರಿಂದ ಇಳಿಸುವಂತಿಲ್ಲ, ಅಂದರೆ ಬೆರಕೆ ಬಣ್ಣ ಹುಟ್ಟಬಾರದು. ನೆರಳು ಬೇಕಾದಲ್ಲಿ ಒತ್ತೊತ್ತಾಗಿ ಗೆರೆ, ಬೆಳಕು ಬೇಕಾದಲ್ಲಿ ವಿರಳವಾಗಿ. ಚಿತ್ತಾರದ ನಮೂನೆಗಳನ್ನು ಹಾಗೇ ನಕಲು ಮಾಡಿ ನಿಮ್ಮದು ಅಂತ ಹೇಳಿಕೊಳ್ಳಬೇಡಿ. ಅದು ಒಂದು ಸಮುದಾಯದ ಹೆಂಗಸರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ವಿದ್ಯೆ. ಕಲಿಯಬೇಕಾದ್ದು ಅವರ ಮಿತವ್ಯಯವನ್ನು. ಎಲ್ಲಿಂದ ಕಲಿತಿರಿ ಅಂತ ಚಿತ್ರದ ಜೊತೆ ಬರೆಯಿರಿ.

ಪ್ರಯೋಗ 7: ನಿಮ್ಮದೇ ಬ್ರಷ್

ಈಗ ಬ್ರಷ್ ವಿಷಯ ಮಾತಾಡೋಣ. ಡೌನ್‌ಲೋಡ್ ಬೇಡ, ಮಾಡಿಕೊಳ್ಳೋಣ.

ತೆಂಗಿನ ನಾರಿನ ಒಂದು ಚಿಕ್ಕ ಕಟ್ಟು ಮಾಡಿ, ತುದಿಯನ್ನು ಇಂಕಿನಲ್ಲಿ ಅದ್ದಿ, ಬಿಳಿ ಕಾಗದದ ಮೇಲೆ ಹತ್ತಾರು ಸಲ ಒತ್ತಿ. ಅದರಲ್ಲಿ ನಾರುಗಳು ಬಿಡಿಬಿಡಿಯಾಗಿ ಕಾಣುವ ಒಂದು ಗುರುತನ್ನು ಆರಿಸಿ, ಹಗಲು ಬೆಳಕಲ್ಲಿ ಫೋಟೊ ತೆಗೆಯಿರಿ. ಕ್ರಿಟಾದಲ್ಲಿ ತೆರೆದು, ಆ ಗುರುತಷ್ಟನ್ನೇ ಕತ್ತರಿಸಿ, 200 × 200 ಪಿಕ್ಸೆಲ್‌ಗೆ ಇಳಿಸಿ, ಕಪ್ಪುಬಿಳುಪು ಮಾಡಿ. ಕಡು ತಿಳಿ ಹೊಂದಿಸುವ ಲೆವೆಲ್ಸ್‌ನಲ್ಲಿ ಕಾಗದದ ಬೂದು ಪೂರ್ತಿ ಬಿಳಿಯಾಗುವವರೆಗೆ ಎಳೆಯಿರಿ, ಇಲ್ಲವಾದರೆ ಬ್ರಷ್ ಎಳೆದಾಗ ಸುತ್ತಲೂ ಚೌಕಾಕಾರದ ಕೊಳೆ ಕಾಣುತ್ತದೆ.

ಆ ಚಿತ್ರ ತೆರೆದಿರುವಾಗಲೇ ಎಫ್5 ಒತ್ತಿ ಬ್ರಷ್ ಎಡಿಟರ್‌ಗೆ ಹೋಗಿ. ಬ್ರಷ್ ಟಿಪ್‌ನಲ್ಲಿ ಪ್ರಿಡಿಫೈನ್ಡ್, ಅಲ್ಲಿ ಸ್ಟ್ಯಾಂಪ್ ಒತ್ತಿದರೆ ನಿಮ್ಮ ನಾರಿನ ಗುರುತು ಬ್ರಷ್‌ನ ತುದಿ ಆಗುತ್ತದೆ. ಸ್ಪೇಸಿಂಗ್ ಕಡಿಮೆ ಇಟ್ಟರೆ ಗೀಚಿದ ಗೆರೆ, ಜಾಸ್ತಿ ಇಟ್ಟರೆ ಬಿಡಿ ಗುರುತು. ರೊಟೇಷನ್‌ನಲ್ಲಿ ಫಝಿ ಡ್ಯಾಬ್ ಹಾಕಿದರೆ ಪ್ರತಿ ಗುರುತೂ ಬೇರೆ ಬೇರೆ ಕೋನಕ್ಕೆ ತಿರುಗುತ್ತದೆ, ಒಂದೇ ಅಚ್ಚು ಒತ್ತಿದ ಹಾಗೆ ಕಾಣುವುದಿಲ್ಲ. ಸೈಜ್‌ಗೆ ಪ್ರೆಶರ್ ಕೊಡಿ. ಹೆಸರಿಟ್ಟು ಉಳಿಸಿ.

ಈ ಬ್ರಷ್‌ನಲ್ಲಿ 4ನೇ ಪ್ರಯೋಗದ ಚೊಂಬನ್ನೇ ಮತ್ತೆ ಬರೆಯಿರಿ, ಬಣ್ಣ ಅವೇ ಇರಲಿ. ಹಳೇ ಚೊಂಬಿನ ಗೀರು, ತಿಕ್ಕಿದ ಗುರುತು ತಾನಾಗಿ ಬರುತ್ತದೆ. ಆದರೆ ಹೊಳಪಿನ ಜಾಗದಲ್ಲಿ ಈ ನಾರು ಕೆಲಸಕ್ಕೆ ಬರುವುದಿಲ್ಲ, ಅಲ್ಲಿ ನುಣುಪೇ ಬೇಕು. ಯಾವ ಬ್ರಷ್ ಅನ್ನುವ ಪ್ರಶ್ನೆಗೆ ನಿಜವಾದ ಉತ್ತರ ಕೈಗೆ ಸಿಗುವುದು ಇಂಥ ಹೊತ್ತಿನಲ್ಲಿ.

ಪ್ರಯೋಗ 8: ಚೊಂಬಿನ ಕೆಳಗೆ ಕಸೂತಿ ಬಟ್ಟೆ

ಧಾರವಾಡದ ಕಸೂತಿ ಎಳೆ ಎಣಿಸಿ ಹಾಕುವ ಹೊಲಿಗೆ. ಗಾವಂತಿ, ಮುರ್ಗಿ, ನೇಯ್ಗಿ, ಮೆಂತಿ ಅಂತ ನಾಲ್ಕು ಬಗೆ. ಗಾವಂತಿ ನೇರ ಗೆರೆ, ಮುರ್ಗಿ ಮೆಟ್ಟಿಲು ಮೆಟ್ಟಿಲಾಗಿ ಹೋಗುವುದು, ನೇಯ್ಗಿ ನೇದ ಹಾಗೆ ಕಾಣುವುದು, ಮೆಂತಿ ಗುಣಾಕಾರ ಚಿಹ್ನೆಯ ಹಾಗೆ. ಎಳೆ ಎಣಿಸುವುದು ಅಂದರೆ ಚೌಕ ಎಣಿಸುವುದೇ ಅಲ್ವಾ. ಪಿಕ್ಸೆಲ್‌ಗೆ ಇದಕ್ಕಿಂತ ಹತ್ತಿರದ ಕಲೆ ನಮ್ಮಲ್ಲಿ ಇನ್ನೊಂದು ನನಗೆ ಕಂಡಿಲ್ಲ.

64 × 64 ಪಿಕ್ಸೆಲ್‌ನ ಪುಟ್ಟ ಹಾಳೆ ತೆರೆಯಿರಿ. ಪಿಕ್ಸೆಲ್ ಆರ್ಟ್ ಬ್ರಷ್, ಸೈಜ್ 1. ಡಬ್ಲ್ಯೂ ಒತ್ತಿದರೆ ರ‍್ಯಾಪ್ ಅರೌಂಡ್ ಶುರುವಾಗಿ, ನಿಮ್ಮ ಹಾಳೆ ಸುತ್ತಲೂ ಮತ್ತೆ ಮತ್ತೆ ಹರಡಿಕೊಳ್ಳುತ್ತದೆ. ಬಲ ಅಂಚಿನಿಂದ ಆಚೆ ಹೋದ ಗೆರೆ ಎಡ ಅಂಚಿನಿಂದ ಒಳಗೆ ಬರುತ್ತದೆ. ಹಾಗಾಗಿ ಕೂಡು ಗೆರೆ ಎಲ್ಲೂ ಕಾಣುವುದಿಲ್ಲ. ಮೊದಲು ಗಾವಂತಿ, ಮುರ್ಗಿ ಎರಡೇ ಬಳಸಿ ಒಂದು ಗೋಪುರ ಮಾಡಿ ನೋಡಿ. ಮಿರರ್ ಟೂಲ್ ಹಾಕಿಕೊಂಡರೆ ಅರ್ಧ ಬರೆದರೆ ಸಾಕು.

ದೊಡ್ಡದು ಮಾಡುವಾಗ ಎಚ್ಚರ. ಸ್ಕೇಲ್ ಮಾಡುವಲ್ಲಿ ಫಿಲ್ಟರ್ ನಿಯರೆಸ್ಟ್ ನೇಬರ್ ಇರಲಿ, ಅದು ಕಾಣದಿದ್ದರೆ ಬಾಕ್ಸ್. ಬೇರೆ ಏನೇ ಇದ್ದರೂ ಚೌಕಗಳ ಅಂಚು ಮಸುಕಾಗಿ ಹೊಲಿಗೆಯ ಚೂಪು ಹಾಳಾಗುತ್ತದೆ. ನಮೂನೆಯಿಂದ ಒಂದು ದೊಡ್ಡ ಚೌಕ ತುಂಬಿ, ಟ್ರಾನ್ಸ್‌ಫಾರ್ಮ್ ಟೂಲ್‌ನ ಪರ್ಸ್‌ಪೆಕ್ಟಿವ್‌ನಲ್ಲಿ ನೆಲಕ್ಕೆ ಮಲಗಿಸಿ, ಮೇಲೆ ಚೊಂಬು ಇಡಿ. ಚೊಂಬಿನ ನೆರಳು ಬಟ್ಟೆಯ ಮೇಲೆ ಮಲ್ಟಿಪ್ಲೈಯಲ್ಲಿ. ಮತ್ತೆ ಒಂದು ಕೆಲಸ ಉಳಿಯುತ್ತದೆ, ಬುಡದ ಹತ್ತಿರ ಚೊಂಬಿನ ಮೈಮೇಲೆ ಆ ಬಟ್ಟೆಯ ಬಣ್ಣವನ್ನು ಚೂರು ತನ್ನಿ. ಅದಿಲ್ಲದಿದ್ದರೆ ಚೊಂಬು ಬಟ್ಟೆಯ ಮೇಲೆ ಕೂರುವುದಿಲ್ಲ, ಅಂಟಿಸಿದ ಹಾಗಿರುತ್ತದೆ.

ಉಳಿಸುವುದು, ಬರೆದಿಡುವುದು

ಕಂಟ್ರೋಲ್, ಆಲ್ಟ್, ಎಸ್ ಮೂರೂ ಒತ್ತಿದರೆ ಕ್ರಿಟಾ ಹಳೆಯ ಫೈಲನ್ನು ಹಾಗೇ ಬಿಟ್ಟು ಮುಂದಿನ ನಂಬರ್ ಹಾಕಿ ಹೊಸದನ್ನು ಉಳಿಸುತ್ತದೆ. ಪ್ರತಿ ಅರ್ಧ ಗಂಟೆಗೆ ಒತ್ತಿ. ಒಮ್ಮೆ ಕರೆಂಟ್ ಹೋಗಿ ನನ್ನ ಐದು ಗಂಟೆಯ ಕೆಲಸ ಹೋಯಿತು, ಅವತ್ತಿನಿಂದ ಈ ಅಭ್ಯಾಸ ಬಿಟ್ಟಿಲ್ಲ. ಮೂಲ ಫೈಲ್ ಕ್ರಿಟಾದ ಸ್ವಂತ ರೂಪದಲ್ಲೇ ಇರಲಿ, ತೋರಿಸಲು ಪಿಎನ್‌ಜಿ. ಜೆಪೆಗ್‌ನಲ್ಲಿ ಗೆರೆಗಳ ಸುತ್ತ ಧೂಳು ಬರುತ್ತದೆ.

ಪ್ರತಿ ಚಿತ್ರ ಮುಗಿದ ಕೂಡಲೇ ನೋಟ್‌ಬುಕ್‌ನಲ್ಲಿ ಮೂರು ಸಾಲು ಬರೆಯಿರಿ: ಏನು ಬದಲಾಯಿಸಿದೆ, ಎಲ್ಲಿ ಕೈ ತಡೆಯಿತು, ಯಾವ ಚೂರು ಇಷ್ಟವಾಯಿತು. ಇಷ್ಟವಾದ ಚೂರು ಅಂದರೆ ಇಡೀ ಚಿತ್ರ ಅಲ್ಲ, ಬಾಯಿಯ ಅಂಚಿನ ಒಂದು ಇಂಚು ಆದರೂ ಸರಿ. ಪ್ರತಿ 20 ನಿಮಿಷಕ್ಕೆ ಒಮ್ಮೆ 20 ಅಡಿ ದೂರದ ಏನನ್ನಾದರೂ 20 ಸೆಕೆಂಡ್ ನೋಡಿ, ಕಣ್ಣು ಉಳಿಯಬೇಕು.

ಕೊನೆಗೆ: ಎಂಟೂ ಒಂದೇ ಹಾಳೆಯಲ್ಲಿ

ಅಡ್ಡ ಎ4 ಒಂದು ತೆರೆಯಿರಿ, 3508 × 2480. ನಿಮ್ಮ ಎ5 ಚಿತ್ರಗಳನ್ನು ಅರ್ಧಕ್ಕೆ ಇಳಿಸಿದರೆ ಎ7 ಆಗುತ್ತವೆ, 874 × 1240. ಸಾಲಿಗೆ ನಾಲ್ಕರಂತೆ ಎರಡು ಸಾಲು, ಎಂಟೂ ಹೆಚ್ಚುಕಡಿಮೆ ಅಂಚಿನಿಂದ ಅಂಚಿಗೆ ಕೂರುತ್ತವೆ. ಶುರುವಿನಲ್ಲಿ ಎ5 ಅಂದದ್ದಕ್ಕೆ ಇದೂ ಒಂದು ಕಾರಣ.

ಪ್ರಿಂಟ್ ಹಾಕಿಸಿ. ಅದಕ್ಕೆ ಮೊದಲು ಕಂಟ್ರೋಲ್ ವೈ ಒತ್ತಿ ಸಾಫ್ಟ್ ಪ್ರೂಫ್ ನೋಡಿಕೊಳ್ಳಿ, ಪರದೆಯ ಆರ್‌ಜಿಬಿ ಬಣ್ಣ ಇಂಕಿಗೆ ಇಳಿದಾಗ ಹೇಗಿರಬಹುದು ಅನ್ನುವ ಅಂದಾಜು ಅಲ್ಲಿ ಸಿಗುತ್ತದೆ. ಪರದೆಯಲ್ಲಿ ಉರಿಯುವ ಹಸಿರು, ನೀಲಿ, ಕಿತ್ತಳೆ ಕಾಗದದಲ್ಲಿ ಮಂಕಾಗುತ್ತವೆ, ಪ್ರಿಂಟರ್‌ನ ಇಂಕಿಗೆ ಆ ಬಣ್ಣಗಳು ಎಟುಕುವುದೇ ಇಲ್ಲ. ಹಿತ್ತಾಳೆಯ ಕಂದು, ಅರಿಶಿನ, ಕೆಮ್ಮಣ್ಣು ಬಹುಮಟ್ಟಿಗೆ ಉಳಿದುಕೊಳ್ಳುತ್ತವೆ.

ಆ ಹಾಳೆಯನ್ನು ಗೋಡೆಗೆ ಅಂಟಿಸಿ, ಆರು ಅಡಿ ಹಿಂದೆ ನಿಂತು ನೋಡಿ. ಎಂಟರಲ್ಲಿ ಎರಡು ಮಾತ್ರ ದೂರದಿಂದಲೂ ಕಣ್ಣನ್ನು ಎಳೆಯುತ್ತವೆ. ಆ ಎರಡರ ನೋಟ್ಸ್ ತೆಗೆದು ಓದಿ. ಒಂದರಲ್ಲಿ ಗೆರೆ ಚೆನ್ನಾಗಿದ್ದು ಇನ್ನೊಂದರಲ್ಲಿ ನಾರಿನ ಬ್ರಷ್ ಹಿಡಿಸಿದ್ದರೆ, ಎರಡನ್ನೂ ಸೇರಿಸಿ ಒಂಬತ್ತನೆಯ ಚೊಂಬು ಬರೆಯಿರಿ, ಈ ಸಲ ಎ4ನಲ್ಲಿ.